ಬೇಸಾಯಕ್ಕೆ ಹಳೆಯ ಪಿಕಪ್ ಸಾಕೇ?

ಕೊಯ್ದ ಟೊಮ್ಯಾಟೊ ಹೊತ್ತಿಗೆ ಸರಿಯಾಗಿ ಮಂಡಿಗೆ ತಲುಪದಿದ್ದರೆ ಹಣ್ಣೂ ಕೆಡುತ್ತದೆ, ಬೆಲೆಯೂ ಕೈ ತಪ್ಪುತ್ತದೆ. ಆದುದರಿಂದ ರೈತನಿಗೆ ಬೇಕಾದುದು ಅಂದವಾದ ಗಾಡಿಯಲ್ಲ. ಕೆಟ್ಟರೂ ಬೇಗ ದುರಸ್ತಿಯಾಗಿ ಹೊರಡುವ ಗಾಡಿ. ಈ ದೃಷ್ಟಿಯಿಂದ ಹಳೆಯ, ಸರಳ ಪಿಕಪ್ ಯಾರಿಗೆ ಅನುಕೂಲ, ಯಾರಿಗೆ ಅಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವ್ಯತ್ಯಾಸವೇನು?

ನಮ್ಮ ದೇಶದಲ್ಲೆಲ್ಲ 2017ರ ಏಪ್ರಿಲ್‌ನಿಂದ ಬಿ.ಎಸ್.-4, 2020ರ ಏಪ್ರಿಲ್‌ನಿಂದ ಬಿ.ಎಸ್.-6 ಹೊಗೆ ನಿಯಮಗಳು ಜಾರಿಗೆ ಬಂದವು. ಅದಕ್ಕೆ ಮುಂಚಿನ ಅನೇಕ ಪಿಕಪ್‌ಗಳಲ್ಲಿ ಡೀಸೆಲ್ಲಿನ ಅಳತೆಯನ್ನು ಪಂಪೇ ನೋಡಿಕೊಳ್ಳುತ್ತದೆ. ಹೊಸ ಗಾಡಿಗಳಲ್ಲಿ ಈ ಕೆಲಸ ಸೆನ್ಸರ್ ಮತ್ತು ಕಂಪ್ಯೂಟರಿನದು. ಇವುಗಳಲ್ಲಿ ಡೀಸೆಲ್ ಸುಮಾರು 1,600 ಬಾರ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡದಲ್ಲಿರುತ್ತದೆ. ಇದು ಚಕ್ರದ ಗಾಳಿಯ ಒತ್ತಡದ ನೂರಾರು ಪಟ್ಟು. ಕ್ಯಾನಿನಲ್ಲಿ ಶೇಖರಿಸಿಟ್ಟ ಡೀಸೆಲ್ಲಿಗೆ ಸೇರಿದ ನೀರು, ದೂಳು ಇಂತಹ ಇಂಜೆಕ್ಟರುಗಳನ್ನು ಬೇಗ ಹಾಳುಮಾಡುತ್ತವೆ.

ಹೊಸ ಡೀಸೆಲ್ ಗಾಡಿಗಳಲ್ಲಿ ಮಸಿಯನ್ನು ಹಿಡಿಯುವ ಫಿಲ್ಟರೂ ಇರುತ್ತದೆ. ಹಿಡಿದ ಮಸಿ ಉರಿದುಹೋಗಲು ಸುಮಾರು 550ರಿಂದ 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಮನೆಯಿಂದ ಹೊಲಕ್ಕೆ ಎರಡು ಮೂರು ಕಿ.ಮೀ. ನಿಧಾನವಾಗಿ ಓಡಾಡುವ ಗಾಡಿಗೆ ಈ ಕಾವು ಬರುವುದು ಕಷ್ಟ. ಫಿಲ್ಟರು ಕಟ್ಟಿಕೊಂಡರೆ ಎಂಜಿನ್ನಿನ ಬಲ ಕುಗ್ಗುತ್ತದೆ. ಸ್ಕ್ಯಾನರ್ ಇರುವ ವರ್ಕ್‌ಶಾಪಿಗೇ ಒಯ್ಯಬೇಕಾಗಬಹುದು.

ಯಾರಿಗೆ ಯಾವುದು?

ಓಡಾಟ ಕಡಿಮೆ, ದೂರ ಕಡಿಮೆ, ಊರಿನ ಬಳಿ ಪಳಗಿದ ಮೆಕ್ಯಾನಿಕ್ ಇದ್ದರೆ ಹಳೆಯದು ಲೇಸು. ಸಾಲದ ಕಂತಿನ ಹೊರೆಯೂ ಹಗುರ. ಆದರೆ ದಿನವೂ ನೂರಾರು ಕಿ.ಮೀ. ದೂರದ ಪೇಟೆಗೆ ಮಾಲು ಸಾಗಿಸುವವರಿಗೆ ಹೊಸದೇ ಸೂಕ್ತ. ಅದರ ಹೊಗೆ ಕಡಿಮೆ, ಕಂಪನಿಯ ವಾರಂಟಿಯೂ ಇರುತ್ತದೆ.

ಕೊಳ್ಳುವ ಮುನ್ನ ಪರೀಕ್ಷಿಸಿ

1. ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಉರಿಯುತ್ತಿದೆ ಎಂದು ತಿಳಿಯಿರಿ.

2. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಮೆಕ್ಯಾನಿಕ್‌ನಿಂದ ಆಯಿಲ್ ಮುಚ್ಚಳ ತೆಗೆಸಿ. ಹೊಗೆ ರಭಸದಿಂದ ನುಗ್ಗಿದರೆ ರಿಂಗು, ಪಿಸ್ಟನ್ ಸವೆದಿರುವ ಸಂಭವ ಹೆಚ್ಚು.

3. ಚಾಸಿಯ ತುಕ್ಕು, ಬಿರುಕು, ಬೆಸುಗೆಗಳನ್ನು, ಮುಖ್ಯವಾಗಿ ಸ್ಪ್ರಿಂಗ್ ಪಟ್ಟಿಗಳ ಬಳಿ, ನೋಡಿ.

4. ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಆರ್.ಸಿ.ಗೆ ತಾಳೆಯಾಗಬೇಕು. ಸಾಲದ ನಮೂದಿದ್ದರೆ ಬ್ಯಾಂಕಿನಿಂದ ಫಾರಂ 35 ಪಡೆಯದೆ ಹಣ ಕೊಡಬೇಡಿ. ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು.

5. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಗಾಡಿ ಬಹಳ ಹಳೆಯದಾದರೆ ಶುಲ್ಕವೂ ಹೆಚ್ಚು. ಈ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಕೊಂಡ ಮೇಲೆ ಮೊದಲು ಬ್ರೇಕು, ಟೈರು, ಆಯಿಲ್ ಮತ್ತು ಫಿಲ್ಟರುಗಳನ್ನು ಸರಿಪಡಿಸಿ. ಅನುಮತಿಸಿದ ತೂಕಕ್ಕಿಂತ ಹೆಚ್ಚು ಹೇರಬೇಡಿ. ಗಾಡಿ ಸರಳವೆಂದು ಆರೈಕೆ ಬಿಟ್ಟರೆ ಅಗ್ಗಕ್ಕೆ ಕೊಂಡದ್ದೇ ದುಬಾರಿಯಾದೀತು.