ಕೊಡುವ ಕೈಗೆ ಮೊದಲ ಪಾಠ

ಕ್ರಿಸ್‌ಮಸ್ ಸಮೀಪಿಸಿತೆಂದರೆ ಎಳೆಯ ಮಗು ಕೇಳುವ ಮೊದಲನೆಯ ಪ್ರಶ್ನೆ, “ನನಗೇನು ಕೊಡುವಿರಿ?” ಎಂಬುದು. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಕೆಂಪು ನಿಲುವಂಗಿಯ ಸಾಂತಾಕ್ಲಾಸ್ ಹೊತ್ತು ತರುವ ಚೀಲವೆಲ್ಲ ತನಗಾಗಿಯೇ ಎಂದು ಅದಕ್ಕೆ ಹೇಳಿಕೊಟ್ಟವರು ಹಿರಿಯರಾದ ನಾವೇ.

ಈ ಮುದುಕನ ಮೂಲಪುರುಷನು ಸಂತ ನಿಕೋಲಸ್. ಆತನು ನಾಲ್ಕನೆಯ ಶತಮಾನದಲ್ಲಿ, ಇಂದಿನ ತುರ್ಕಿ ದೇಶದಲ್ಲಿದ್ದ ಮೈರಾ ಪಟ್ಟಣದ ಬಿಷಪ್ಪನಾಗಿದ್ದನು. ಬಡ ತಂದೆಯೊಬ್ಬನು ತನ್ನ ಮೂವರು ಹೆಣ್ಣುಮಕ್ಕಳ ಮದುವೆ ಮಾಡಲಾರದೆ ಕಂಗೆಟ್ಟಿದ್ದಾಗ, ನಿಕೋಲಸನು ರಾತ್ರಿಯ ವೇಳೆ ಆ ಮನೆಯ ಕಿಟಕಿಯೊಳಗೆ ಹೊನ್ನಿನ ಗಂಟನ್ನೆಸೆದು ಹೋದನೆಂದು ಐತಿಹ್ಯ. ಪಡೆಯುವವನ ತಲೆ ತಗ್ಗದಂತೆ ಕೊಡಬೇಕೆಂಬುದೇ ಈ ಕಥೆಯ ತಿರುಳು. ನೆದರ್ಲೆಂಡ್ಸಿನ ಮಕ್ಕಳು ಡಿಸೆಂಬರ್ ತಿಂಗಳಲ್ಲಿ ಈ ಸಂತನ ಕಾಣಿಕೆಗೆಂದು ಪಾದರಕ್ಷೆಯನ್ನು ಇರಿಸುವಾಗ, ಅದರೊಳಗೆ ಅವನ ಬಿಳಿಯ ಕುದುರೆಗಾಗಿ ಒಂದು ಗಜ್ಜರಿಯನ್ನೋ ಹಿಡಿ ಹುಲ್ಲನ್ನೋ ಇಡುವ ಪದ್ಧತಿಯುಂಟು. ಪಡೆಯುವ ಮುನ್ನ ಕೊಡುವ ಪಾಠ ಅಲ್ಲಿ ಆಟವಾಗಿಯೇ ನಡೆಯುತ್ತದೆ.

ಎರಡು ವರ್ಷದ ಮಗುವಿಗೆ ಔದಾರ್ಯ ತಿಳಿದೀತೇ ಎಂದು ಕೆಲವರು ಸಂದೇಹಪಡಬಹುದು. ಕೆನಡಾದ ಮನೋವಿಜ್ಞಾನಿಗಳಾದ ಲಾರಾ ಆಕ್ನಿನ್, ಕೈಲಿ ಹ್ಯಾಮ್ಲಿನ್ ಮತ್ತು ಎಲಿಜಬೆತ್ ಡನ್ 2012ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಉತ್ತರ ಕೊಡುತ್ತದೆ. ಎರಡು ವರ್ಷ ತುಂಬದ ಮಕ್ಕಳು ತಿಂಡಿಯನ್ನು ಪಡೆದಾಗಿನದಕ್ಕಿಂತ ಅದನ್ನು ಒಂದು ಬೊಂಬೆಗೆ ಕೊಟ್ಟಾಗ ಹೆಚ್ಚು ಹಿಗ್ಗಿದರು. ತಮ್ಮ ಪಾಲಿನಿಂದಲೇ ಕೊಟ್ಟಾಗ ಇನ್ನೂ ಹಿಗ್ಗಿದರು. ಮತ್ತೊಂದು ಎಚ್ಚರಿಕೆಯೂ ಇದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೇಲ್ ಟೊಮಸೆಲ್ಲೊ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆರವಾದುದಕ್ಕೆ ಬಹುಮಾನ ಪಡೆದ 20 ತಿಂಗಳ ಮಕ್ಕಳು ಆಮೇಲೆ ನೆರವಾಗುವುದು ಕಡಿಮೆಯಾಯಿತು. ಬಹುಮಾನವಿಲ್ಲದೆ ನೆರವಾದವರಲ್ಲಿ ಆ ಕುಂದು ಕಾಣಲಿಲ್ಲ.

ಹಾಗಾದರೆ ಮನೆಯಲ್ಲಿ ಕಲಿಸುವ ಬಗೆ ಹೇಗೆ? ದೂರ ಹೋಗಬೇಕಾಗಿಲ್ಲ, ನಮ್ಮ ಮಂಗಳೂರಿನ ಕ್ರೈಸ್ತ ಮನೆಗಳ ‘ಕುಸ್ವಾರ್’ ಸಾಕು. ಕ್ರಿಸ್‌ಮಸ್ಸಿಗೆ ಮುಂಚೆ ಮನೆಮಂದಿಯೆಲ್ಲ ಕೂಡಿ ಕರಜಿಕಾಯಿಯನ್ನು ಹೋಲುವ ನೆವ್ರಿ, ಸಕ್ಕರೆ ಪಾಕದ ಕಿಡಿಯೊ ಮುಂತಾದ ತಿಂಡಿಗಳನ್ನು ಮಾಡುತ್ತಾರೆ. ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಮೇಲೋ ಮುಳ್ಳುಚಮಚದ ಮೇಲೋ ಒತ್ತಿ ಸುರುಳಿ ಮಾಡುವ ಕೆಲಸಕ್ಕೆ ಚಿಕ್ಕ ಬೆರಳುಗಳೂ ಒದಗುತ್ತವೆ. ಆ ಬಳಿಕ ತಟ್ಟೆಗಳು ನೆರೆಹೊರೆಗೆ ಹೊರಡುತ್ತವೆ. ಅನ್ಯಧರ್ಮದವರ ಮನೆಗಳಿಗೂ ಹೋಗುತ್ತವೆ. ದೀಪಾವಳಿಯಲ್ಲಿ ಆ ಮನೆಗಳಿಂದ ಸಿಹಿ ಇತ್ತ ಬರುತ್ತದೆ. ಇಲ್ಲಿ ಕೊಡುವವನು ಮೇಲಲ್ಲ, ಪಡೆಯುವವನು ಕೀಳಲ್ಲ.

ತಾಯಿತಂದೆಗಳು ಗಮನಿಸಬೇಕಾದುದು ಇದನ್ನೇ. ಮುರಿದ ಆಟಿಕೆಯನ್ನು ಕೆಲಸದಾಕೆಯ ಮಗುವಿಗೆ ಕೊಡಿಸಿ ಅದಕ್ಕೆ ದಾನವೆಂದು ಹೆಸರಿಟ್ಟರೆ, ನಮ್ಮ ಮಗು ಕಲಿಯುವುದು ಅಂತಸ್ತಿನ ಭೇದವನ್ನು ಮಾತ್ರ. ತನಗೆ ಇನ್ನೂ ಪ್ರಿಯವಾಗಿರುವ ಒಂದನ್ನು ಅದೇ ಆರಿಸಲಿ. ಆರಿಸಲೊಲ್ಲದಿದ್ದರೆ ಗದರಿಸುವುದು ಬೇಡ. ಕಿತ್ತುಕೊಂಡು ಕೊಟ್ಟದ್ದು ಮಗುವಿನ ಕೊಡುಗೆಯಾಗಲಾರದು. ಕೊಟ್ಟ ಮೇಲೆ ಮಿಠಾಯಿಯ ಬಹುಮಾನವೂ ಬೇಡ, ಬಂದವರ ಮುಂದೆ ಬಣ್ಣನೆಯೂ ಬೇಡ. ತಟ್ಟೆಯನ್ನು ಮಗುವಿನ ಕೈಯಲ್ಲೇ ಕೊಟ್ಟು, ನೆರೆಮನೆಯ ಬಾಗಿಲನ್ನು ಅದೇ ತಟ್ಟಲಿ. ಬಾಗಿಲು ತೆರೆದವರ ಮುಖ ಅರಳುವುದನ್ನು ಅದು ತನ್ನ ಕಣ್ಣಿನಿಂದಲೇ ನೋಡಲಿ.