ನೂರು ಟನ್ನಿನ ಯೋಧ ನಡೆಯಬಲ್ಲನೆ?

ಕೆಲವು ವರ್ಷಗಳ ಹಿಂದೆ ತರಗತಿ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬ ಒಂದು ಆಟದ ನಿಯಮ ಪುಸ್ತಕ ಹಿಡಿದು ಬಂದು ಎರಡು ಪ್ರಶ್ನೆ ಕೇಳಿದ. "ಸರ್, ಇದರಲ್ಲಿ 100 ಟನ್ನಿನ ಯಂತ್ರವೊಂದು ಎರಡು ಕಾಲಿನ ಮೇಲೆ ಗಂಟೆಗೆ 32 ಕಿಲೋಮೀಟರ್ ನಡೆಯುತ್ತದೆ. ಸಾಧ್ಯವೆ?" ಅಸಾಧ್ಯ ಎಂದೆ. "20 ಟನ್ನಿನದು ಗಂಟೆಗೆ 86 ಕಿಲೋಮೀಟರ್ ನಡೆಯುತ್ತದಂತೆ?" ಹಗುರವಾದದ್ದು, ಸಾಧ್ಯವಿರಬಹುದು ಎಂದೆ. ಮನೆಗೆ ಹೋಗಿ ಲೆಕ್ಕ ಹಾಕಿದಾಗ ನನ್ನ ಎರಡೂ ಉತ್ತರಗಳು ತಪ್ಪೆಂದು ತಿಳಿಯಿತು. ಹೇಗೆಂದು ನೀವೂ ನೋಡಿ.

ಏನಿದು ಆಟ?

ವಿಜ್ಞಾನ ಕಥೆಗಳನ್ನಾಧರಿಸಿದ ಪಾತ್ರಾಭಿನಯದ ಆಟಗಳನ್ನು ಮೇಜಿನ ಸುತ್ತ ಕುಳಿತು ಆಡುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಯಾರು ಏನು ಮಾಡಬಲ್ಲರು ಎಂಬುದನ್ನು ನಿಯಮ ಪುಸ್ತಕ ಮತ್ತು ದಾಳಗಳು ನಿರ್ಧರಿಸುತ್ತವೆ. ಮನುಷ್ಯ ತೊಡುವ ಶಕ್ತಿಚಾಲಿತ ಕವಚ ಹಾಗೂ ಒಳಗೆ ಕುಳಿತು ನಡೆಸುವ ಬೃಹತ್ ನಡೆಯುವ ಯಂತ್ರ, ಅಂದರೆ 'ಮೆಕ್', ಇವುಗಳಲ್ಲಿ ಬಹಳ ಜನಪ್ರಿಯ. ಅಮೆರಿಕದಲ್ಲಿ 1984ರಲ್ಲಿ ಬಂದ 'ಬ್ಯಾಟಲ್‌ಟೆಕ್' ಹಲಗೆಯಾಟ ಮತ್ತು ಅದರ ಜೊತೆಗೆಂದು 1986ರಲ್ಲಿ ಬಂದ 'ಮೆಕ್‌ವಾರಿಯರ್' ಪಾತ್ರಾಭಿನಯದ ಆಟದಲ್ಲಿ ಮೆಕ್‌ಗಳ ತೂಕ 20ರಿಂದ 100 ಟನ್. ನಕ್ಷೆಯ ಒಂದು ಷಟ್ಕೋನ ಮನೆ ಎಂದರೆ 30 ಮೀಟರ್. ಒಂದು ಸರದಿ ಎಂದರೆ 10 ಸೆಕೆಂಡ್. 'ಅಟ್ಲಾಸ್' ಎಂಬ 100 ಟನ್ನಿನ ಮೆಕ್ ಸರದಿಗೆ 3 ಮನೆ ನಡೆಯುತ್ತದೆ: ಸೆಕೆಂಡಿಗೆ 9 ಮೀಟರ್. 'ಲೋಕಸ್ಟ್' ಎಂಬ 20 ಟನ್ನಿನದು 8 ಮನೆ: ಸೆಕೆಂಡಿಗೆ 24 ಮೀಟರ್.

ವರ್ಗ ಮತ್ತು ಘನ

ಮೊದಲು ತೂಕವನ್ನು ಪರೀಕ್ಷಿಸೋಣ. ವಸ್ತುವಿನ ಆಕಾರ ಬದಲಿಸದೆ ಉದ್ದವನ್ನು 7 ಪಟ್ಟು ಹೆಚ್ಚಿಸಿದರೆ ವಿಸ್ತೀರ್ಣ 49 ಪಟ್ಟು, ಗಾತ್ರ 343 ಪಟ್ಟು ಆಗುತ್ತದೆ. ಇದನ್ನು ಗೆಲಿಲಿಯೋ 1638ರಲ್ಲೇ ಚರ್ಚಿಸಿದ್ದ. ಅಟ್ಲಾಸ್ 12 ಮೀಟರ್ ಎತ್ತರವಿದೆ ಎಂದಿಟ್ಟುಕೊಳ್ಳಿ. 1.7 ಮೀಟರ್ ಎತ್ತರದ, 70 ಕಿಲೋಗ್ರಾಂ ತೂಕದ ಮನುಷ್ಯನ ಸುಮಾರು 7 ಪಟ್ಟು. ಅಷ್ಟೆತ್ತರದ ಮಾಂಸದ ಮನುಷ್ಯ 24 ಟನ್ ತೂಗುತ್ತಾನೆ. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನದೇ. ಹಾಗಾಗಿ 100 ಟನ್ ಎಂದರೆ ನೀರಿನ ನಾಲ್ಕು ಪಟ್ಟು ಸಾಂದ್ರತೆ. ಕಬ್ಬಿಣದ್ದು ಸುಮಾರು ಎಂಟು ಪಟ್ಟು. ಒಳಗೆ ಟೊಳ್ಳಿರುವ ಲೋಹದ ಯಂತ್ರಕ್ಕೆ ಇದು ಒಪ್ಪುವ ಸಂಖ್ಯೆಯೇ.

ಹೋಲಿಕೆಗೆ, ಜಪಾನಿನ ಯೊಕೊಹಾಮಾದಲ್ಲಿ 2020ರ ಡಿಸೆಂಬರ್‌ನಿಂದ 2024ರ ಮಾರ್ಚ್‌ವರೆಗೆ ಪ್ರದರ್ಶನಕ್ಕಿದ್ದ ಚಲಿಸುವ 'ಗುಂಡಮ್' ಪ್ರತಿಮೆ 18 ಮೀಟರ್ ಎತ್ತರ, ಸುಮಾರು 25 ಟನ್ ತೂಕವಿತ್ತು. ಅಷ್ಟೆತ್ತರದ ಮನುಷ್ಯನಾದರೆ 83 ಟನ್. ಪ್ರತಿಮೆಯ ಸರಾಸರಿ ಸಾಂದ್ರತೆ ನೀರಿನ ಮೂರನೇ ಒಂದಕ್ಕಿಂತ ಕಡಿಮೆ! ಇಷ್ಟು ಹಗುರಗೊಳಿಸಿದರೂ ಅದನ್ನು ಹಿಂದಿನಿಂದ ಆಧಾರಕ್ಕೆ ಜೋಡಿಸಿಯೇ ಕಾಲಾಡಿಸಬೇಕಾಯಿತು.

ನಡಿಗೆಯ ಗಡಿ

ಈಗ ವೇಗ. ನಡೆಯುವಾಗ ನೆಲಕ್ಕೂರಿದ ಕಾಲು ತ್ರಿಜ್ಯದಂತೆ ನಿಂತು, ದೇಹ ಅದರ ಮೇಲೆ ವೃತ್ತದ ಕಂಸದಲ್ಲಿ ಸಾಗುತ್ತದೆ. ಇದಕ್ಕೆ ಬೇಕಾದ ಕೇಂದ್ರಾಭಿಮುಖ ವೇಗೋತ್ಕರ್ಷ, ವೇಗದ ವರ್ಗವನ್ನು ಕಾಲಿನ ಉದ್ದದಿಂದ ಭಾಗಿಸಿದಷ್ಟು. ಅದನ್ನು ಒದಗಿಸುವುದು ಗುರುತ್ವ. ಬೇಕಾದದ್ದು 9.8ನ್ನು ಮೀರಿದರೆ ಪಾದ ನೆಲ ಬಿಡುತ್ತದೆ; ಅದು ನಡಿಗೆಯಲ್ಲ, ಓಟ. ಆದ್ದರಿಂದ ನಡಿಗೆಯ ಗರಿಷ್ಠ ವೇಗ, 9.8 ಮತ್ತು ಕಾಲಿನ ಉದ್ದದ ಗುಣಲಬ್ಧದ ವರ್ಗಮೂಲ. ಗಮನಿಸಿ, ಇಲ್ಲಿ ದ್ರವ್ಯರಾಶಿ ಇಲ್ಲವೇ ಇಲ್ಲ!

ನಮ್ಮ ಕಾಲು 0.9 ಮೀಟರ್. ಗಡಿ ಸೆಕೆಂಡಿಗೆ ಸುಮಾರು 3 ಮೀಟರ್. ವಾಸ್ತವದಲ್ಲಿ 2 ಮೀಟರ್ ದಾಟುವಾಗಲೇ ನಾವು ಓಡತೊಡಗುತ್ತೇವೆ. ಅಟ್ಲಾಸ್‌ನ ಕಾಲು 6 ಮೀಟರ್ ಎಂದರೆ ಗಡಿ ಸೆಕೆಂಡಿಗೆ 7.7 ಮೀಟರ್, ಗಂಟೆಗೆ 28 ಕಿಲೋಮೀಟರ್. ನಿಯಮದ 32 ಇದಕ್ಕಿಂತ ಸ್ವಲ್ಪವೇ ಹೆಚ್ಚು. ನಾನು ಹೇಳಿದಷ್ಟು ಅಸಂಬದ್ಧವಲ್ಲ. ಲೋಕಸ್ಟ್‌ನ ಕಾಲು 4 ಮೀಟರ್ ಎಂದರೆ ಗಡಿ ಗಂಟೆಗೆ 23 ಕಿಲೋಮೀಟರ್. 86ರ ವೇಗದಲ್ಲಿ 'ನಡೆಯಲು' 59 ಮೀಟರ್ ಉದ್ದದ ಕಾಲು ಬೇಕು! ಅದು ಓಡುತ್ತಿದೆ ಎನ್ನೋಣವೆಂದರೆ, ಆಟದಲ್ಲಿ ಓಟಕ್ಕೆ ಬೇರೆ ನಿಯಮವಿದೆ: ನಡಿಗೆಯ ಒಂದೂವರೆ ಪಟ್ಟು.

ನಾನು ಎಡವಿದ್ದೆಲ್ಲಿ? 'ಭಾರವಾದದ್ದು ನಿಧಾನ' ಎಂಬ ರೂಢಿಯ ನಂಬಿಕೆಯಲ್ಲಿ. ಭಾರವಾದ ವಸ್ತು ಬೇಗ ಬೀಳುತ್ತದೆ ಎನ್ನುವ ವಿದ್ಯಾರ್ಥಿಯನ್ನು ತಿದ್ದುವ ನಾವು ಇಂಥ ಕಡೆ ಅದೇ ಬಗೆಯ ತಪ್ಪು ಮಾಡುತ್ತೇವೆ.

ಎಂಜಿನ್ ಮತ್ತು ಉಷ್ಣ

ಬ್ಯಾಟಲ್‌ಟೆಕ್‌ನಲ್ಲಿ ಎಂಜಿನ್ನಿನ ಅಂಕ, ತೂಕ ಮತ್ತು ನಡಿಗೆಯ ವೇಗಗಳ ಗುಣಲಬ್ಧ. ಅಟ್ಲಾಸ್‌ಗೆ 300, ಲೋಕಸ್ಟ್‌ಗೆ 160. ತೂಕ ಒಂದು ಬಲ. ಬಲವನ್ನು ವೇಗದಿಂದ ಗುಣಿಸಿದರೆ ಸಾಮರ್ಥ್ಯ. ಆಯಾಮಗಳ ದೃಷ್ಟಿಯಿಂದ ನಿಯಮ ಸರಿ. ಅಟ್ಲಾಸ್‌ಗೆ ಈ ಗುಣಲಬ್ಧ 8.8 ಮೆಗಾವ್ಯಾಟ್. ಮನುಷ್ಯ ನಡೆಯುವಾಗ ವ್ಯಯಿಸುವ ಹೆಚ್ಚುವರಿ ಶಕ್ತಿ ಇಂಥ ಗುಣಲಬ್ಧದ ಸುಮಾರು ಐದನೇ ಒಂದು ಭಾಗ. ಮೆಕ್ ಕೂಡ ಅಷ್ಟೇ ದಕ್ಷವಾಗಿದ್ದರೆ ಸುಮಾರು 1.7 ಮೆಗಾವ್ಯಾಟ್ ಬೇಕು. ಅದರ ಬಹುಪಾಲು ಉಷ್ಣವಾಗುತ್ತದೆ.

ಈ ಉಷ್ಣ ಹೊರಹೋಗಬೇಕಾದದ್ದು ಮೈಯ ಮೂಲಕ. ಮನುಷ್ಯನ ಮೈ 1.8 ಚದರ ಮೀಟರ್. ಅದರ 49 ಪಟ್ಟು 88 ಚದರ ಮೀಟರ್. ಮೈ 100 ಡಿಗ್ರಿ ಸೆಲ್ಸಿಯಸ್‌ಗೆ ಕಾದರೂ ವಿಕಿರಣದಿಂದ ಹೋಗುವುದು ಸುಮಾರು 56 ಕಿಲೋವ್ಯಾಟ್ ಮಾತ್ರ. ವಿಕಿರಣದಿಂದಲೇ ಪೂರ್ತಿ ಹೋಗಬೇಕಾದರೆ ಮೈ 500 ಡಿಗ್ರಿಗೆ ಕಾಯಬೇಕು! ಇದೇ ಆಟದ ಉಷ್ಣದ ನಿಯಮವನ್ನು ನೆನೆಯಿರಿ. ನಡೆದರೆ 1 ಅಂಕ, ಓಡಿದರೆ 2, ಕಣಫಿರಂಗಿ ಹಾರಿಸಿದರೆ 10 ಅಂಕ ಉಷ್ಣ ಸೇರುತ್ತದೆ. ಪ್ರತಿಯೊಂದು ಸಾಮಾನ್ಯ ಉಷ್ಣಹಾರಕ ಸರದಿಗೆ 1 ಅಂಕ ಕಳೆಯುತ್ತದೆ. ಉಳಿದದ್ದು 30 ಮುಟ್ಟಿದರೆ ಯಂತ್ರ ಸ್ಥಗಿತ. ನೀರಿನಲ್ಲಿ ನಿಂತರೆ ಬೇಗ ತಣಿಯುತ್ತದೆ. ಆಟಕ್ಕೆ ಬಿಗಿ ತರಲು ಮಾಡಿದಂತೆ ಕಾಣುವ ಈ ನಿಯಮವೇ ಭೌತವಿಜ್ಞಾನಕ್ಕೆ ಅತಿ ಹತ್ತಿರದ್ದು. ನಡಿಗೆಗೆ 1 ಅಂಕವಷ್ಟೇ ಕೊಟ್ಟದ್ದು ಮಾತ್ರ ಧಾರಾಳ.

ನೆಲದ ನಿಯಮ ದುರ್ಬಲ. ಒಂಟಿ ಕಾಲಿನ ಮೇಲೆ ನಿಂತ ಮನುಷ್ಯ ನೆಲದ ಮೇಲೆ ಹೇರುವ ಒತ್ತಡ ಸುಮಾರು 34 ಕಿಲೋಪಾಸ್ಕಲ್. ಅಟ್ಲಾಸ್‌ನದು ಇದರ 28 ಪಟ್ಟು. ಮಳೆಗೆ ನೆನೆದ ಹೊಲದಲ್ಲಿ ಅದು ಹೂತುಹೋಗುತ್ತದೆ. ಆಟದಲ್ಲಿ ಬಯಲು ದಾಟಲು ಎಲ್ಲ ತೂಕದ ಮೆಕ್‌ಗಳಿಗೂ ತಗಲುವುದು ಒಂದೇ ವೆಚ್ಚ.

ತೊಡುವ ಕವಚ

'ಗರ್ಪ್ಸ್' ಎಂಬ ಆಟದ 2004ರ ಆವೃತ್ತಿಯಲ್ಲಿ ಎತ್ತುವ ಶಕ್ತಿ, ಬಲದ ಅಂಕದ ವರ್ಗಕ್ಕೆ ಅನುಪಾತದಲ್ಲಿದೆ. ಅಂಕ 10 ಇದ್ದರೆ 20 ಪೌಂಡ್, 20 ಇದ್ದರೆ 80 ಪೌಂಡ್. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು, ಅಂದರೆ ಉದ್ದದ ವರ್ಗವನ್ನು, ಅವಲಂಬಿಸುವುದಕ್ಕೆ ಇದು ಹೊಂದುತ್ತದೆ. ಯುದ್ಧಕವಚ ತೊಟ್ಟವನಿಗೆ ಕವಚ ಬಳಸುವ ಕೌಶಲ ಕಡಿಮೆಯಿದ್ದರೆ, ಅವನ ಉಳಿದ ದೈಹಿಕ ಕೌಶಲಗಳೂ ಆ ಮಟ್ಟಕ್ಕೇ ಇಳಿಯುತ್ತವೆ. ಇದೂ ಸರಿಯೆ. ಜನರಲ್ ಎಲೆಕ್ಟ್ರಿಕ್ ಸಂಸ್ಥೆ 1965ರಲ್ಲಿ ಆರಂಭಿಸಿದ 'ಹಾರ್ಡಿಮನ್' ಕವಚ ಸುಮಾರು 680 ಕಿಲೋಗ್ರಾಂ ತೂಗುತ್ತಿತ್ತು. ಅದರ ಒಂದು ಕೈ ಸುಮಾರು 340 ಕಿಲೋಗ್ರಾಂ ಎತ್ತಬಲ್ಲದಾಗಿತ್ತು. ಆದರೆ ಇಡೀ ಕವಚವನ್ನು ಚಾಲೂ ಮಾಡಿದಾಗ ಅದು ಹಿಡಿತ ತಪ್ಪಿ ಹಿಂಸಾತ್ಮಕವಾಗಿ ಒದ್ದಾಡಿತು. ಬಲಕ್ಕಿಂತ ನಿಯಂತ್ರಣ ಕಷ್ಟ.

ಮರುದಿನ ತರಗತಿಯಲ್ಲಿ ನನ್ನ ತಪ್ಪನ್ನು ಹೇಳಿ, ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿದೆ. ಆ ವಿದ್ಯಾರ್ಥಿ ಒಂದು ಪ್ರಶ್ನೆ ಸೇರಿಸಿದ: "ಚಂದ್ರನ ಮೇಲಾದರೆ ಸರ್?" ಅಲ್ಲಿ ಗುರುತ್ವ ಭೂಮಿಯ ಆರನೇ ಒಂದು. ಅಟ್ಲಾಸ್‌ನ ನಡಿಗೆಯ ಗಡಿ ಹೆಚ್ಚುವುದೋ, ಕುಗ್ಗುವುದೋ? ಎಷ್ಟು? ಉತ್ತರವನ್ನು ಮೊದಲು ಊಹಿಸಿ ಬರೆದಿಟ್ಟುಕೊಳ್ಳಿ. ಆಮೇಲೆ ಲೆಕ್ಕ ಹಾಕಿ.