ಅಭಿಷೇಕದ ಹಾಲಿಗೆ ಕ್ಯಾಮೆರಾ ಒಡ್ಡುವ ಮುನ್ನ

ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಕ್ಯಾಮೆರಾ ಹಿಡಿದವರಿಗೆ ದೊಡ್ಡ ಪರೀಕ್ಷೆ. ಸುಮಾರು 58 ಅಡಿ ಎತ್ತರದ ಗೊಮ್ಮಟನ ನೆತ್ತಿಯಿಂದ ನೀರು, ಎಳನೀರು, ಕಬ್ಬಿನ ಹಾಲು, ಹಾಲು, ಅಕ್ಕಿಹಿಟ್ಟು, ಅರಿಸಿನ, ಕಷಾಯ, ಚಂದನ ಒಂದರ ಹಿಂದೊಂದು ಇಳಿಯುತ್ತವೆ. ಗಾಳಿ ಬೀಸಿತೆಂದರೆ ಪಾದದ ಬಳಿ ನಿಂತವರಿಗಷ್ಟೇ ಅಲ್ಲ, ದೂರ ನಿಂತವರಿಗೂ ಪಾಲು ಸಿಗುತ್ತದೆ. 2018ರ ಫೆಬ್ರುವರಿಯಲ್ಲಿ ನಾನು ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಬೆಟ್ಟ ಹತ್ತಿದ್ದೆ. ಕವರಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಆದರೂ ಮನೆಗೆ ಬಂದು ನೋಡಿದರೆ ಆಕಾಶದ ಚಿತ್ರಗಳಲ್ಲೆಲ್ಲ ಒಂದೇ ಜಾಗದಲ್ಲಿ ಬೂದು ಚುಕ್ಕೆ. ಅದು ಅಕ್ಕಿಹಿಟ್ಟು.

ಇವುಗಳಲ್ಲಿ ಕ್ಯಾಮೆರಾಕ್ಕೆ ನೀರೇ ಅತ್ಯಂತ ಸೌಮ್ಯ. ಕಬ್ಬಿನ ಹಾಲು ಒಣಗಿ ಬಟನ್ನುಗಳನ್ನು ಅಂಟಿಸುತ್ತದೆ. ಅರಿಸಿನ ಪ್ಲಾಸ್ಟಿಕ್ಕಿಗೂ ಸಿಲಿಕೋನ್ ರಬ್ಬರಿಗೂ ಬಣ್ಣ ಹಿಡಿಸುತ್ತದೆ; ಅದು ನೋಡಲು ಕೆಟ್ಟದಾಗಿ ಕಂಡರೂ ಬಿಸಿಲಿಗಿಟ್ಟರೆ ಮಾಸುತ್ತದೆ. ನಿಜವಾದ ಶತ್ರು ಹಿಟ್ಟೇ. ಅಕ್ಕಿಯ ಪಿಷ್ಟದ ಒಂದು ಕಣ 3ರಿಂದ 8 ಮೈಕ್ರಾನ್ ಅಷ್ಟೇ, ಹೆಚ್ಚುಕಡಿಮೆ ಸೆನ್ಸರಿನ ಒಂದು ಪಿಕ್ಸೆಲ್ಲಿನ ಅಳತೆ. ಜೂಮ್ ಲೆನ್ಸನ್ನು ಹಿಂದೆ ಮುಂದೆ ಎಳೆದಾಗಲೆಲ್ಲ ಅದು ಕಮ್ಮಾರನ ತಿದಿಯ ಹಾಗೆ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆಗೆ ಹಿಟ್ಟನ್ನೂ. ಹಾಗಾಗಿ ಲೆನ್ಸೂ ಸೇರಿ ಇಡೀ ಕ್ಯಾಮೆರಾ ಒಂದು ಡಬ್ಬಿಯೊಳಗೆ ಕೂರಬೇಕು, ಡಬ್ಬಿಯ ಮುಂದೆ ಚಪ್ಪಟೆ ಗಾಜಿನ ಕಿಟಕಿ ಇರಬೇಕು. ಅಕ್ರಿಲಿಕ್ ಬೇಡ, ಒರೆಸಿದಷ್ಟೂ ಗೀರು ಬೀಳುತ್ತದೆ.

ಇಂಥ ಡಬ್ಬಿಗಳ ಮೇಲೆ ಐಪಿ 67 ಎಂದು ಬರೆದಿರುತ್ತಾರೆ. ಮೊದಲ ಅಂಕಿ ಧೂಳಿನದು, 6 ಎಂದರೆ ಧೂಳು ನುಸುಳುವುದೇ ಇಲ್ಲ. ಎರಡನೆಯದು ನೀರಿನದು, 7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿಟ್ಟು ನೋಡಿದ್ದಾರೆ. ಇದನ್ನು ಓದಿ ನೆಮ್ಮದಿಯಾಗಿ ಬೆಟ್ಟ ಹತ್ತುವವರೇ ಹೆಚ್ಚು. ಪರೀಕ್ಷೆ ನಡೆದದ್ದು ಶುದ್ಧ ನೀರಿನಲ್ಲಿ, ಕಾದ ಬಂಡೆಯ ಮೇಲಲ್ಲ.

ಕಷ್ಟ ಇರುವುದು ಇಲ್ಲೇ. ಕಪ್ಪು ಬಣ್ಣದ ಡಬ್ಬಿ ಬಿಸಿಲಿನಲ್ಲಿ 50 ಡಿಗ್ರಿಗೆ ಸುಲಭವಾಗಿ ಕಾಯುತ್ತದೆ. ಒಳಗಿನ ಗಾಳಿ ಹಿಗ್ಗಿ, ಸಂದಿಯಲ್ಲಿ ಒಂದಿಷ್ಟು ಹೊರಗೆ ನುಸುಳುತ್ತದೆ. ಅಷ್ಟರಲ್ಲಿ ತಣ್ಣನೆಯ ನೀರೋ ಹಾಲೋ ಬಿದ್ದು ಡಬ್ಬಿ 25 ಡಿಗ್ರಿಗೆ ಇಳಿಯಿತು ಎನ್ನಿ. ಒಳಗಿನ ಒತ್ತಡ ಶೇ 8ರಷ್ಟು ತಗ್ಗುತ್ತದೆ. ಲೆಕ್ಕ ಹಾಕಿದರೆ ಇದು ಸುಮಾರು 80 ಸೆಂ.ಮೀ. ಆಳದ ನೀರು ಒತ್ತುವುದಕ್ಕೆ ಸಮ. ಅಂದರೆ ಡಬ್ಬಿ ಬೆಟ್ಟದ ಮೇಲೆ ನಿಂತಲ್ಲೇ ಮುಳುಗಿದಂತೆ. ಸುತ್ತ ಅಂಟಿಕೊಂಡ ಹಾಲನ್ನು ತಾನೇ ಒಳಗೆ ಹೀರುತ್ತದೆ.

ಇದಕ್ಕೆ ಮದ್ದು ಇನ್ನಷ್ಟು ಬಿಗಿಯಾಗಿ ಮುಚ್ಚುವುದಲ್ಲ, ಉಸಿರಾಡಲು ದಾರಿ ಬಿಡುವುದು. ಡಬ್ಬಿಗೆ ಒಂದು ಸಣ್ಣ ತೂತು ಕೊರೆದು, ಅದಕ್ಕೆ ಟೆಫ್ಲಾನಿನ ತೆಳುಪೊರೆಯ ಬಿರಡೆ ಹಾಕುತ್ತಾರೆ. ಪೊರೆಯ ರಂಧ್ರ ಮೈಕ್ರಾನಿನ ಆಸುಪಾಸಿನದು: ಗಾಳಿ ಹೋಗುತ್ತದೆ, ಬರುತ್ತದೆ, ಹನಿ ದಾಟುವುದಿಲ್ಲ. ಆದರೆ ಹಾಲಿನ ಜಿಡ್ಡೂ ಕಬ್ಬಿನ ಸಕ್ಕರೆಯೂ ಆ ರಂಧ್ರಗಳನ್ನು ಮುಚ್ಚಿಹಾಕಬಲ್ಲವು. ಆದ್ದರಿಂದ ಬಿರಡೆ ಕೆಳಮುಖವಾಗಿರಲಿ, ಅದರ ಮೇಲೊಂದು ಪುಟ್ಟ ಸೂರು ಇರಲಿ. ಬಿಳಿ ಬಣ್ಣ ಬಳಿದರೆ ಡಬ್ಬಿ ಅಷ್ಟು ಕಾಯುವುದೂ ಇಲ್ಲ.

ಮುಚ್ಚಳದ ಓ-ರಿಂಗ್, ಅಂದರೆ ರಬ್ಬರ್ ಬಳೆ, ಮಾಡುವ ಕೆಲಸ ಅರ್ಥವಾಗಬೇಕಾದರೆ ಅಡುಗೆಮನೆಯ ಕುಕ್ಕರ್ ನೋಡಿ. ಗ್ಯಾಸ್ಕೆಟ್ ಮೇಲೆ ಒಂದು ಅಗುಳು ಸಿಕ್ಕಿಕೊಂಡರೂ ಆವಿ ಸೋರುತ್ತದೆ. ಇಲ್ಲಿ ಒಂದು ಕೂದಲು ಸಾಕು. ಅದರ ಅಕ್ಕಪಕ್ಕದಲ್ಲೇ ನೀರು ಒಳಗೆ ಹರಿಯುತ್ತದೆ. ಓ-ರಿಂಗ್ ತನ್ನ ದಪ್ಪದ ಕಾಲು ಭಾಗದಷ್ಟು ಅಮುಕಿಕೊಳ್ಳುವಂತೆ ಅದು ಕೂರುವ ತೋಡಿನ ಆಳ ಇರಬೇಕು. ಅಮುಕಿದ ರಬ್ಬರ್ ಅಗಲಕ್ಕೆ ಸರಿಯುವುದರಿಂದ ತೋಡಿನಲ್ಲಿ ಸ್ವಲ್ಪ ಖಾಲಿ ಜಾಗವೂ ಬೇಕು. ಕಾರಿನ ಚಕ್ರಕ್ಕೆ ನಟ್ ಹಾಕುವಂತೆ ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ. ವೈರು ಹೊರಗೆ ಬರುವ ಕಡೆ ಅದನ್ನು ಸುತ್ತಲೂ ಬಿಗಿಹಿಡಿಯುವ ಕೇಬಲ್ ಗ್ಲ್ಯಾಂಡ್ ಹಾಕಿ, ವೈರನ್ನು ಒಮ್ಮೆ ಕೆಳಕ್ಕೆ ಜೋಲುಬಿಟ್ಟು ಆಮೇಲೆ ಮೇಲಕ್ಕೆ ಒಯ್ಯಿರಿ. ಅಂಗಡಿಗಳ ಮುಂದಿನ ಸಿಸಿಟಿವಿಗಳಲ್ಲಿ ಎಷ್ಟೋ ಕೆಡುವುದು ಗಾಜಿನ ಕಡೆಯಿಂದಲ್ಲ, ಈ ವೈರಿನ ಕಡೆಯಿಂದ.

ಕೊಳೆ ಹೊರಗಿನಿಂದಲೇ ಬರಬೇಕೆಂದಿಲ್ಲ. ಒಳಗೆ ಸಿಕ್ಕಿಬಿದ್ದ ಗಾಳಿಯ ತೇವವೇ ಮುಂಜಾವದ ಚಳಿಗೆ ಗಾಜಿನ ಮೇಲೆ ಮಂಜಾಗುತ್ತದೆ. ಎರಡು ಮೂರು ಮಿಲಿಗ್ರಾಂ ನೀರಿದ್ದರೂ ಚಿತ್ರ ಮಸುಕು. ನಾಲ್ಕಾರು ಗ್ರಾಂ ಸಿಲಿಕಾ ಜೆಲ್ ಒಳಗಿಡಿ. ಕಿಟಕಿಯ ಗಾಜು ಅಂಟಿಸಲು ಹುಳಿ ವಿನಿಗರ್ ವಾಸನೆಯ ಸಿಲಿಕೋನ್ ಬಳಸಬೇಡಿ, ಆ ಆಮ್ಲ ಒಳಗಿನ ಸರ್ಕಿಟ್ಟನ್ನು ತಿನ್ನುತ್ತದೆ. ಫೆವಿಕ್ವಿಕ್ ಥರದ ಅಂಟೂ ಬೇಡ, ಅದರ ಆವಿ ಗಾಜಿನ ಮೇಲೆ ಬೆಳ್ಳಗೆ ಕೂರುತ್ತದೆ.

ಈ ಅಂಟಿನ ಭಯ ನಮ್ಮದೇ ಜಿಲ್ಲೆಯ ಇಸ್ರೋದವರಿಗೆ ಇನ್ನೂ ಹೆಚ್ಚು. ಹಾಸನದಲ್ಲಿರುವ ಅವರ ನಿಯಂತ್ರಣ ಕೇಂದ್ರ ಎಂಸಿಎಫ್ 1982ರಿಂದ ಭೂಸ್ಥಿರ ಉಪಗ್ರಹಗಳನ್ನು ನಡೆಸುತ್ತಿದೆ. 36,000 ಕಿ.ಮೀ. ಎತ್ತರದ ಲೆನ್ಸನ್ನು ಒರೆಸಿ ಬರಲು ಯಾರಿಗೆ ಸಾಧ್ಯ? ಉಪಗ್ರಹಕ್ಕೆ ಬಳಸುವ ಅಂಟು, ಬಣ್ಣ, ಪ್ಲಾಸ್ಟಿಕ್ಕುಗಳಿಗೆ ಜಗತ್ತಿನಾದ್ಯಂತ ಒಪ್ಪಿರುವ ಅಳತೆಗೋಲು ಇದು: ನಿರ್ವಾತದಲ್ಲಿ 125 ಡಿಗ್ರಿಗೆ 24 ಗಂಟೆ ಕಾಯಿಸಿದಾಗ ತೂಕ ಶೇ 1ಕ್ಕಿಂತ ಹೆಚ್ಚು ಇಳಿಯಕೂಡದು, ಪಕ್ಕದ ತಣ್ಣನೆಯ ತಟ್ಟೆಗೆ ಅಂಟುವ ಆವಿ ಶೇ 0.1 ದಾಟಕೂಡದು.

ಬೆಟ್ಟ ಇಳಿದ ಮೇಲೆ ಆತುರಪಟ್ಟು ಮುಚ್ಚಳ ತೆಗೆಯಬೇಡಿ. ಮುಚ್ಚಿದಂತೆಯೇ ಬರಿ ನೀರಿನಲ್ಲಿ ತೊಳೆದು, ಒರೆಸಿ, ನೆರಳಲ್ಲಿ ಆರಲು ಬಿಡಿ. ತೋಡಿನಲ್ಲಿ ನಿಂತ ಹನಿ ಒಳಗೆ ಜಾರದಂತೆ ಮುಚ್ಚಳ ಕೆಳಗೆ ಮಾಡಿ ತೆರೆಯಿರಿ. ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನ ಅಭಿಷೇಕ 2030ಕ್ಕೆ. ಅಮುಕಿಸಿಟ್ಟ ರಬ್ಬರ್ ಅಷ್ಟು ದಿನ ಬಾಳದು, ಹೊಸ ಓ-ರಿಂಗ್ ಹಾಕಿಕೊಂಡು ಹತ್ತಿ.